ಒಂದು ಚಮಚ ಮಣ್ಣು, ಒಂದು ಎಕರೆ ಮೈ

ಕುಷ್ಟಗಿಯ ಕಲ್ಲನ್ನು ತುಳಿಯದವರು ಕಡಿಮೆ. ತಾವು ತುಳಿದದ್ದು ಕುಷ್ಟಗಿಯ ಕಲ್ಲು ಎಂದು ಬಲ್ಲವರು ಇನ್ನೂ ಕಡಿಮೆ. ಬ್ಯಾಂಕಿನ ಮೆಟ್ಟಿಲು, ಕಲ್ಯಾಣಮಂಟಪದ ನೆಲ, ಅಡುಗೆಮನೆಯ ಕಟ್ಟೆ, ದೂರದೇಶದ ಯಾರದೋ ಸಮಾಧಿಯ ಹಾಸು, ಎಲ್ಲ ಕಡೆಗೂ ಅದು ಹೋಗಿದೆ. ಹೋಗುವಾಗ ಇಳಕಲ್ಲಿನ ಹೆಸರು ಹೊತ್ತು ಹೋಗುತ್ತದೆ. ಸೀರೆಗೆ ಹೆಸರಾದ ಊರು ಕಲ್ಲಿನ ಹೆಸರನ್ನೂ ತಾನೇ ಇಟ್ಟುಕೊಂಡಿತು. ಕುಷ್ಟಗಿಯವರು ಇದಕ್ಕೆ ಜಗಳ ತೆಗೆದದ್ದನ್ನು ನಾನು ಕೇಳಿಲ್ಲ.

ಆ ಕಲ್ಲಿನ ಕೆಂಪನ್ನು ಹತ್ತಿರದಿಂದ ನೋಡಿದರೆ ಅದು ಒಂದೇ ಬಣ್ಣವಲ್ಲ. ಗಾಜಿನಂತೆ ಬೂದುಬಣ್ಣಕ್ಕೆ ಕಾಣುವುದು ಬೆಣಚು. ಕಪ್ಪು ಚುಕ್ಕಿಗಳಲ್ಲಿ ಕೆಲವು ಕಾಗೆಬಂಗಾರದ ಜಾತಿಯವು. ಉಳಿದ ತಿಳಿಗೆಂಪೆಲ್ಲ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜದ್ದು. ಫೆಲ್ಡ್‌ಸ್ಪಾರಿಗೆ ತನ್ನದೇ ಆದ ಕೆಂಪಿಲ್ಲ. ಅದರೊಳಗೆ ಸಿಕ್ಕಿಕೊಂಡ ಕಬ್ಬಿಣದ ಆಕ್ಸೈಡಿನ ಅತಿಸಣ್ಣ ಕಣಗಳು ಬಣ್ಣ ಕೊಟ್ಟಿವೆ. ರಾಮನಗರದ ಗುಡ್ಡಗಳಿಂದ ಹಿಡಿದು ಉತ್ತರಕ್ಕೆ ಸುಮಾರು 400 ಕಿಲೊಮೀಟರ್ ಚಾಚಿಕೊಂಡ ಗ್ರಾನೈಟಿನ ಪಟ್ಟಿಗೆ ಭೂವಿಜ್ಞಾನಿಗಳು ಆ ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು 250 ಕೋಟಿ ವರ್ಷದ ಆಸುಪಾಸು. ನಮ್ಮ ಕೊಪ್ಪಳದ ಕಡೆಯ ಗ್ರಾನೈಟ್ ಗುಡ್ಡಗಳೂ ಹೆಚ್ಚುಕಡಿಮೆ ಅದೇ ಕಾಲದವು.

ಇಷ್ಟು ಹಳೆಯ ವಸ್ತುವಿನ ಮುಂದೆ ನಿಂತಾಗ ನಮಗೆ ಬರುವ ಯೋಚನೆಗಳೆಲ್ಲ ಸಾಮಾನ್ಯವಾಗಿ ಒಂದೇ ಜಾಡಿನವು: ಎಷ್ಟು ಗಟ್ಟಿ, ಎಷ್ಟು ಮೌನ, ಎಷ್ಟು ನಿಶ್ಚಲ. ಕಲ್ಲಿನ ಹೊಟ್ಟೆಯ ಮಟ್ಟಿಗೆ ಇದು ಸರಿ. ಅದರ ಮೈಯ ಮಟ್ಟಿಗೆ ಸರಿಯಲ್ಲ. ಕಲ್ಲು ಎಲ್ಲಿ ಮುಗಿಯುತ್ತದೆಯೋ ಅಲ್ಲಿ, ಅಣುವೊಂದರ ದಪ್ಪದ ಅಂಚಿನಲ್ಲಿ, ಅದು ಸುಮ್ಮನಿರುವುದೇ ಇಲ್ಲ. ಕಲ್ಲಿನ ಒಳಗಿರುವ ಪ್ರತಿ ಪರಮಾಣುವಿಗೆ ನಾಲ್ಕೂ ಕಡೆ ನೆರೆಯವರಿದ್ದಾರೆ. ಅಂಚಿನಲ್ಲಿರುವುದಕ್ಕೆ ಒಂದು ಕಡೆ ಯಾರೂ ಇಲ್ಲ. ಹಾಗಾಗಿ ಅದು ಸಿಕ್ಕಿದ್ದನ್ನು ಹಿಡಿಯುತ್ತದೆ: ನೀರನ್ನು, ಉಪ್ಪನ್ನು, ಗಾಳಿಯಲ್ಲಿ ತೇಲಿ ಬಂದ ಯಾವುದೋ ಅಣುವನ್ನು. ಹಿಡಿದದ್ದನ್ನು ತನಗೆ ಬೇಕಾದ ಭಂಗಿಯಲ್ಲಿ ನಿಲ್ಲಿಸುತ್ತದೆ. ರಸಾಯನದ ಎಷ್ಟೋ ಘಟನೆಗಳು ನಡೆಯುವುದೂ ನಡೆಯದಿರುವುದೂ ಆ ಭಂಗಿಯ ಮೇಲೆ ನಿಂತಿದೆ.

ಮೊದಲು ನೀರಿನ ಮಾತು. ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಸೊನ್ನೆಗೆ ಮಂಜುಗಡ್ಡೆ ಕರಗುವುದು ಖಂಡಿತ. ನೀರು ಹೆಪ್ಪುಗಟ್ಟುವುದು ಖಂಡಿತವಲ್ಲ. ಧೂಳಿನ ಸೋಂಕಿಲ್ಲದ ಸಣ್ಣ ಹನಿ ಮೈನಸ್ 35 ಡಿಗ್ರಿಯಲ್ಲೂ ನೀರಾಗಿಯೇ ಇರಬಲ್ಲದು. ಹರಳಾಗಲು ನೀರಿಗೆ ಮನಸ್ಸಿಲ್ಲವೆಂದಲ್ಲ, ಆರಂಭವೇ ಕಷ್ಟ. ನಾಲ್ಕಾರು ಅಣುಗಳು ಒಟ್ಟು ಸೇರಿ ಹರಳಿನ ಕ್ರಮದಲ್ಲಿ ನಿಂತರೂ ಅಂಥ ಪುಟ್ಟ ಗುಂಪಿನಲ್ಲಿ ಒಳಗಿನವರಿಗಿಂತ ಅಂಚಿನವರೇ ಹೆಚ್ಚು. ಅಂಚಿನಲ್ಲಿರುವುದು ದುಬಾರಿ. ಗುಂಪು ಒಂದು ಗಾತ್ರ ಮುಟ್ಟುವ ಮೊದಲೇ ಚದುರಿಹೋಗುತ್ತದೆ, ಮತ್ತೆ ಸೇರುತ್ತದೆ, ಮತ್ತೆ ಚದುರುತ್ತದೆ. ಆಸರೆಗೆ ಒಂದು ಮೈ ಸಿಕ್ಕರೆ ಅರ್ಧ ಖರ್ಚು ಆ ಮೈಯೇ ಹೊತ್ತುಕೊಳ್ಳುತ್ತದೆ. ಸಂಕ್ರಾಂತಿಯ ಮುಂಚೆ ನಮ್ಮ ಮನೆಗಳಲ್ಲಿ ಕುಸುರೆಳ್ಳು ಮಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿವಾಣದಲ್ಲಿ ಎಳ್ಳು, ಕೆಳಗೆ ಸಣ್ಣ ಕೆಂಡ, ಚಮಚ ಚಮಚವಾಗಿ ಸಕ್ಕರೆ ಪಾಕ, ಬೆರಳಾಡಿಸುತ್ತ ಕೂತ ಅಮ್ಮ ಅಥವಾ ಅತ್ತಿ. ಎಳ್ಳಿನ ಮೈಮೇಲೆ ಪಾಕ ಮುಳ್ಳುಮುಳ್ಳಾಗಿ ಏಳುತ್ತದೆ. ಎಳ್ಳು ಸಿಹಿಯೂ ಅಲ್ಲ, ಕರಗುವುದೂ ಇಲ್ಲ, ಸುಮ್ಮನೆ ಮೈ ಕೊಡುತ್ತದೆ. ಅದಿಲ್ಲದಿದ್ದರೆ ಹರಿವಾಣದ ತಳಕ್ಕೆ ಹತ್ತಿದ ಸಕ್ಕರೆಯಷ್ಟೇ ಮಿಕ್ಕುತ್ತದೆ.

ಮೋಡದಲ್ಲಿ ಎಳ್ಳಿನ ಪಾತ್ರ ಯಾರದು? ಬಹುಕಾಲ ಜೇಡಿಯ ಕಣಗಳದು ಎಂದು ನಂಬಿದ್ದರು. ಗಾಳಿಗೇರುವ ಮರುಭೂಮಿಯ ಧೂಳಿನಲ್ಲಿ ಜೇಡಿಯೇ ಹೆಚ್ಚು, ಹಾಗಾಗಿ ಕೆಲಸವೂ ಅದರದೇ ಇರಬೇಕು ಎಂಬ ಲೆಕ್ಕ. 2013ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ತಂಡವೊಂದು ಧೂಳಿನ ಖನಿಜಗಳನ್ನು ಬೇರೆಬೇರೆಯಾಗಿ ನೀರಿನ ಹನಿಗಳಲ್ಲಿ ಬೆರೆಸಿ ತಣಿಸಿ ನೋಡಿತು. ಗೆದ್ದದ್ದು ಜೇಡಿಯಲ್ಲ, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಧೂಳಿನಲ್ಲಿ ಅದರ ಪಾಲು ತೀರ ಸಣ್ಣದು, ಆದರೂ ಹರಳು ಕಟ್ಟಿಸುವ ಕೆಲಸದ ಸಿಂಹಪಾಲು ಅದರದೇ. ಅಂದರೆ ಕುಷ್ಟಗಿಯ ಕಲ್ಲಿಗೆ ಕೆಂಪು ಮೈ ಕೊಟ್ಟ ಅದೇ ಖನಿಜ.

ಅದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇನ್ನೂ ನಾಲ್ಕು ವರ್ಷ ಕಳೆದ ಮೇಲೆ. 2017ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ ಅಲೆಕ್ಸಿ ಕಿಸೆಲೆವ್ ಮತ್ತು ಸಂಗಡಿಗರು ಫೆಲ್ಡ್‌ಸ್ಪಾರಿನ ಹರಳಿನ ಮೇಲೆ ಮಂಜು ಹುಟ್ಟುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತರು. ಮಂಜು ನುಣುಪಾದ ಮುಖದ ಮೇಲೆ ಹುಟ್ಟಲಿಲ್ಲ. ಸೀಳಿನಲ್ಲಿ, ಮೆಟ್ಟಿಲಿನಂಥ ಅಂಚಿನಲ್ಲಿ, ಕುಳಿಯಲ್ಲಿ ಹುಟ್ಟಿತು. ಹುಟ್ಟಿದ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ನಿಂತವು. ಫೆಲ್ಡ್‌ಸ್ಪಾರಿನ ಹರಳು ತಾನಾಗಿ ಎಂದೂ ಹೊರಗೆ ತೋರದ ಒಂದು ಮುಖವಿದೆಯಂತೆ. ಒಡೆದ ಅಂಚುಗಳಲ್ಲಿ ಮಾತ್ರ ಅದರ ತುಣುಕುಗಳು ಹೊರಬೀಳುತ್ತವೆ. ನೀರಿಗೆ ಬೇಕಾದದ್ದು ಆ ತುಣುಕು. ಪಾಲಿಶ್ ಮಾಡಿ ಕನ್ನಡಿಯಂತೆ ಹೊಳೆಯಿಸಿದ ಕಟ್ಟೆಗಿಂತ ಕ್ವಾರಿಯ ಮೂಲೆಯಲ್ಲಿ ಬಿದ್ದ ಪುಡಿಗೆ ಮೋಡದಲ್ಲಿ ಬೆಲೆ ಹೆಚ್ಚು ಎನ್ನೋಣ. ರಫ್ತಿನವರಿಗೆ ಇದು ರುಚಿಸಲಿಕ್ಕಿಲ್ಲ.

ಮನುಷ್ಯ ಇದೇ ಕೆಲಸವನ್ನು ಬೇರೆ ದಾರಿಯಿಂದ ಮಾಡಿಸಲು ಹೊರಟದ್ದು 1946ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಬರ್ನಾರ್ಡ್ ವೊನೆಗಟ್ ಹರಳುಗಳ ಅಳತೆಯ ಪಟ್ಟಿಗಳನ್ನು ತಿರುವಿಹಾಕಿ, ಮಂಜಿನ ಹರಳಿನ ಅಳತೆಗೆ ಯಾವುದು ಹತ್ತಿರ ಎಂದು ಹುಡುಕಿ, ಬೆಳ್ಳಿಯ ಅಯೊಡೈಡನ್ನು ಆರಿಸಿದ. ಮೋಡ ಬಿತ್ತನೆ ಎಂದು ನಾವು ಕರೆಯುವುದು ಅಲ್ಲಿಂದ ಹೊರಟು ನಮ್ಮವರೆಗೂ ಬಂತು. ಕರ್ನಾಟಕ ಸರ್ಕಾರ 2003ರಲ್ಲಿ ವರುಣ, 2017ರಲ್ಲಿ ವರ್ಷಧಾರೆ ಎಂಬ ಹೆಸರಿನಲ್ಲಿ ಅದನ್ನು ಮಾಡಿಸಿತು. ವಿಮಾನ ಹಾರಿದ ದಿನ ಬಂದ ಮಳೆ ಯಾರದು ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ನಂಬಿ ಬದುಕುವ ಯಲಬುರ್ಗಾ, ಕುಷ್ಟಗಿಯ ಹೊಲಗಳಿಗೆ ಅದು ವಾದವಲ್ಲ, ಹೊಟ್ಟೆಪಾಡು. ಇಲ್ಲಿನ ಮಳೆಯೆಲ್ಲ ಮಂಜಿನ ಹರಳಿನಿಂದಲೇ ಬರುವುದೂ ಅಲ್ಲ. ಮುಂಗಾರಿನ ತಗ್ಗು ಮೋಡಗಳಲ್ಲಿ ನೀರಿನ ಹನಿಗಳೇ ಡಿಕ್ಕಿ ಹೊಡೆದು ದೊಡ್ಡದಾಗಿ ಉದುರುತ್ತವೆ. ಹರಳಿನ ಆಟ ಕಾಣುವುದು ಚೈತ್ರ ವೈಶಾಖದ ಗುಡುಗಿನ ಮೋಡಗಳಲ್ಲಿ, ಭತ್ತದ ತೆನೆಯನ್ನೂ ಮಾವಿನಕಾಯಿಯನ್ನೂ ಬಡಿದು ಕೆಡವುವ ಆಣೆಕಲ್ಲುಗಳಲ್ಲಿ. ಯಾವ ಆಣೆಕಲ್ಲಿನ ನಡುವೆ ಯಾವ ದೇಶದ ಧೂಳು ಇತ್ತೋ, ನೆಲಕ್ಕೆ ಬಿದ್ದು ಕರಗಿದ ಮೇಲೆ ಕೇಳುವವರಾರು.

ಒಡೆದ ಮೈಗೆ ಶಕ್ತಿ ಹೆಚ್ಚು ಎಂಬ ಮಾತು ಇಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರಿನ ಜೊತೆಗೆ ಬೆಣಚೂ ಇದೆ. ಬೆಣಚನ್ನು ಒಡೆದಾಗ ಸಿಲಿಕಾನ್ ಮತ್ತು ಆಮ್ಲಜನಕದ ನಡುವಿನ ಬಂಧಗಳು ಹರಿದು, ಅಂಚಿನ ಪರಮಾಣುಗಳು ಜೋಡಿ ತಪ್ಪಿದ ಎಲೆಕ್ಟ್ರಾನುಗಳೊಂದಿಗೆ ಬಯಲಿಗೆ ಬೀಳುತ್ತವೆ. ಅವಕ್ಕೆ ನೀರು ತಗುಲಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಅಣುಗಳು ಹುಟ್ಟುತ್ತವೆ. ಆ ನೀರು ಕೊಳವೆಯದಾದರೆ ಅಡ್ಡಿಯಿಲ್ಲ. ಡ್ರಿಲ್ ಹಿಡಿದವನ ಶ್ವಾಸಕೋಶದ ತೇವವಾದರೆ ಕೇಡು. ಹಳೆಯ ಮರಳಿನ ಧೂಳಿಗಿಂತ ಈಗತಾನೆ ಒಡೆದ ಬೆಣಚಿನ ಧೂಳು ಪುಪ್ಪುಸಕ್ಕೆ ಹೆಚ್ಚು ಅಪಾಯ ಎಂದು ಪ್ರಯೋಗಗಳು ತೋರಿಸಿವೆ; ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆಯ ಹಿಂದೆ ಇರುವುದು ಈ ಧೂಳೇ. ದಿನ ಕಳೆದಂತೆ ಆ ಅಂಚುಗಳು ಗಾಳಿಯ ಜೊತೆ ರಾಜಿಯಾಗಿ ಮೆತ್ತಗಾಗುತ್ತವೆ, ಆದರೆ ಕ್ವಾರಿಯಲ್ಲಿ ಉಸಿರಾಡುವವನಿಗೆ ದಿನ ಕಾಯುವ ವ್ಯವಧಾನವೆಲ್ಲಿ? ನೀರು ಸುರಿಯುತ್ತ ಕೊರೆಯುವುದು, ನೀರು ಹಾಯಿಸಿ ವೈರ್ ಸಾ ಓಡಿಸುವುದು, ಮೂಗಿಗೆ ಸರಿಯಾದ ಮಾಸ್ಕು. ಇಷ್ಟು ಮಾಡಿದರೆ ಬಹಳಷ್ಟು ಉಳಿಯುತ್ತದೆ. ಟವೆಲ್ಲು ಸುತ್ತಿಕೊಂಡರೆ ಸಾಲದು. ಕಲ್ಲಿನ ಮೈಯ ಬಗ್ಗೆ ಬೆರಗುಪಡುತ್ತ ಬರೆಯುವವನು ಈ ಮಾತು ಬಿಟ್ಟು ಮುಂದೆ ಹೋಗಬಾರದು.

ಮೈಯೊಂದು ಅಣುಗಳನ್ನು ಬೆಸೆಯಬಲ್ಲದು ಎಂಬುದು ರಸಾಯನದವರ ಕಣ್ಣಿಗೆ ಒಮ್ಮೆ ಬಿದ್ದದ್ದು ಒಂದು ತೊಡಕಿನ ರೂಪದಲ್ಲಿ. ಎಥಿಲೀನ್ ಎಂಬ ಅನಿಲ ನಮಗೆ ಹೊಸದಲ್ಲ, ಹುಲ್ಲಿನಲ್ಲಿಟ್ಟ ಮಾವಿನಕಾಯಿ ತನ್ನೊಳಗಿಂದಲೇ ಅದನ್ನು ಬಿಟ್ಟುಕೊಂಡು ಹಣ್ಣಾಗುತ್ತದೆ. ಎಥಿಲೀನಿನ ಎರಡು ಇಂಗಾಲಗಳ ನಡುವೆ ಜೋಡಿ ಬಂಧವಿದೆ. ಬ್ರೋಮಿನ್ ಬಂದರೆ ಒಂದು ಬಂಧ ಬಿಚ್ಚಿಕೊಂಡು ಎರಡೂ ಬ್ರೋಮಿನ್ ಪರಮಾಣುಗಳನ್ನು ಸೇರಿಸಿಕೊಳ್ಳುತ್ತದೆ. ಏನೂ ಹೊರಹೋಗುವುದಿಲ್ಲ, ಇದ್ದದ್ದಕ್ಕೆ ಬಂದದ್ದು ಕೂಡುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಸಂಕಲನ ಕ್ರಿಯೆ ಎನ್ನುತ್ತಾರೆ. ಎರಡು ಅನಿಲಗಳು ಬೆರೆತರೆ ಕ್ರಿಯೆ ಗಾಳಿಯಲ್ಲೇ ನಡೆಯುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. 1923ರಲ್ಲಿ ಕೇಂಬ್ರಿಜ್‌ನ ರೊನಾಲ್ಡ್ ನಾರಿಶ್ ಗಾಜಿನ ಪಾತ್ರೆಯ ಒಳಮೈಗೆ ಮೇಣ ಬಳಿದು ನೋಡಿದ. ಕ್ರಿಯೆ ಬಹುಮಟ್ಟಿಗೆ ನಿಂತೇಹೋಯಿತು! ಅಣುಗಳು ಕೂಡುತ್ತಿದ್ದದ್ದು ಪಾತ್ರೆಯ ನಡುವಿನ ಬಯಲಿನಲ್ಲಿ ಅಲ್ಲ, ಗಾಜಿನ ಗೋಡೆಯ ಮೇಲೆ. ಮೇಣದ ಬದಲು ಸ್ಟಿಯರಿಕ್ ಆಮ್ಲದ ಲೇಪ ಕೊಟ್ಟರೆ ಕ್ರಿಯೆ ಮತ್ತೆ ಚುರುಕಾಯಿತು. ಮುಂದೆ 1967ರಲ್ಲಿ ಈತನಿಗೆ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ, ಅತಿವೇಗದ ಕ್ರಿಯೆಗಳ ಅಧ್ಯಯನಕ್ಕೆ. ನನಗೆ ಮಾತ್ರ ಆ ಮೇಣ ಬಳಿದ ಪಾತ್ರೆಯೇ ಹೆಚ್ಚು ಇಷ್ಟ. ಪ್ರಯೋಗ ಮಾಡುವವರು ಪಾತ್ರೆಯನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಗಾಜೆಂದರೆ ಕರಗಿಸಿದ ಮರಳು. ಮರಳೆಂದರೆ ಹೆಚ್ಚುಪಾಲು ಬೆಣಚು, ಎಂದರೆ ನಮ್ಮ ಗುಡ್ಡದ್ದೇ ಒಂದು ಭಾಗ.

ಗುಡ್ಡಕ್ಕೆ ಬರೋಣ. ಕೊಪ್ಪಳದ ಗವಿಮಠದ ಬಳಿ, ಪಾಲ್ಕಿಗುಂಡಿನ ಬಳಿ, ಬಂಡೆಯ ಮೇಲೆ ಅಶೋಕನ ಶಾಸನಗಳಿವೆ. ಎರಡೂ ಲೋಕದ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಇಪ್ಪತ್ತೆರಡು ಶತಮಾನಕ್ಕೂ ಮಿಕ್ಕಿ ಬಿಸಿಲು ಮಳೆ ತಿಂದರೂ ಅಕ್ಷರ ಉಳಿದಿದೆ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಲ್ಲಿ ಅದಕ್ಕೂ ಹಿಂದಿನವರು ಬಂಡೆಯ ಪದರಗಳನ್ನೆಬ್ಬಿಸಿ ನಿಲ್ಲಿಸಿದ ಶಿಲಾಗೋರಿಗಳು ಇಂದಿಗೂ ನಿಂತಿವೆ. ಹೀಗೆ ನೋಡಿದರೆ ಕಲ್ಲು ಸವೆಯುವುದೇ ಇಲ್ಲ ಅನ್ನಿಸುತ್ತದೆ. ಆದರೆ ಆನೆಗುಂದಿಯ ದಾರಿಯಲ್ಲಿ ಒಂದರ ಮೇಲೊಂದು ಕೂತ ಗುಂಡುಗಳನ್ನು ಗುಂಡಾಗಿಸಿದವರು ಯಾರು? ಮಳೆಯ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯ ಬಿರುಕಿಗಿಳಿದು ಫೆಲ್ಡ್‌ಸ್ಪಾರಿನ ಮೈಯಿಂದ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಗಲುವುದರಿಂದ ಮೂಲೆಯೇ ಮೊದಲು ಹೋಗುತ್ತದೆ. ಚೌಕ ಬಂಡೆ ಗುಂಡಾಗುವುದು ಹೀಗೆ. ಬೆಣಚಿನ ಹರಳು ಕರಗದೆ ಮರಳಾಗಿ ಉದುರುತ್ತದೆ. ಫೆಲ್ಡ್‌ಸ್ಪಾರಿನ ಉಳಿಕೆ, ಅಂದರೆ ಸಿಲಿಕಾ ಮತ್ತು ಅಲ್ಯುಮಿನ, ನೀರಿನ ಜೊತೆ ಹೊಸದಾಗಿ ಕೂಡಿಕೊಂಡು ಜೇಡಿಯಾಗುತ್ತದೆ.

ಎಂಥ ಜೇಡಿ ಎಂಬುದು ನೆಲದ ಇಳಿಜಾರಿನ ಮೇಲೆ. ದಿಬ್ಬದಲ್ಲಿ ನೀರು ಹರಿದುಹೋಗುತ್ತದೆ, ಬಿಡಿಸಿದ ಲವಣಗಳೂ ಅದರ ಜೊತೆ ಹೋಗುತ್ತವೆ. ಉಳಿಯುವುದು ಕೆಂಪು ಮಸಾರಿ. ತಗ್ಗಿನಲ್ಲಿ ನೀರು ನಿಂತು ಲವಣಗಳು ಅಲ್ಲೇ ಸೇರಿದರೆ ಹುಟ್ಟುವುದು ಕಪ್ಪು ಯರಿ. ಎರಡೂ ಒಂದೇ ಕಲ್ಲಿನ ಮಕ್ಕಳಾಗಿರಬಹುದು, ಸ್ವಭಾವ ಮಾತ್ರ ಅಜಗಜ. ಯಲಬುರ್ಗಾದ ಯರಿ ಹೊಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಕಾಲಿಟ್ಟರೆ ಚಪ್ಪಲಿ ವಾಪಸು ಕೊಡುವುದಿಲ್ಲ. ಹಿಂಗಾರಿಯಲ್ಲಿ ಮೇಲಿಂದ ಹನಿ ಬೀಳದಿದ್ದರೂ ಒಳಗೆ ಹಿಡಿದಿಟ್ಟ ಹಸಿಯ ಮೇಲೆ ಬಿಳಿಜೋಳ, ಕಡಲೆ ಬೆಳೆದುಕೊಡುತ್ತದೆ.

ಈ ಹಿಡಿದಿಡುವ ಗುಣದ ಗುಟ್ಟು ಮತ್ತೆ ಮೈಯೇ. ಯರಿ ಮಣ್ಣಿನ ಮುಖ್ಯ ಜೇಡಿ ಮಾಂಟ್‌ಮೊರಿಲೊನೈಟ್ ಮತ್ತು ಅದರ ಬಳಗ. ಅದು ಹಾಳೆಗಳ ಕಟ್ಟು. ಒಂದೊಂದು ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಹಾಳೆಗಳ ನಡುವೆ ನೀರು ನುಗ್ಗಿದರೆ ಕಟ್ಟು ಉಬ್ಬುತ್ತದೆ, ಹೊರಟರೆ ಕುಗ್ಗುತ್ತದೆ. ಎಲ್ಲ ಹಾಳೆಗಳನ್ನು ಬಿಡಿಸಿ ಹಾಸಿದರೆ ಎಷ್ಟು ಜಾಗ ಬೇಕು? ಶುದ್ಧ ಮಾಂಟ್‌ಮೊರಿಲೊನೈಟಿನ ಒಂದು ಗ್ರಾಮಿಗೆ ಸುಮಾರು 800 ಚದರ ಮೀಟರ್. ಎಕರೆಗೆ 4,047 ಚದರ ಮೀಟರ್. ಐದು ಗ್ರಾಂ, ಅಂದರೆ ಒಂದು ಚಹಾ ಚಮಚ ಜೇಡಿಯಲ್ಲಿ, ಒಂದು ಎಕರೆ ಮೈ! ಹೊಲದ ಮಣ್ಣು ಪೂರ್ತಿ ಶುದ್ಧ ಜೇಡಿಯಲ್ಲ, ಮರಳು ಹೂಳು ಬೆರೆತಿರುತ್ತದೆ, ಲೆಕ್ಕವನ್ನು ಅರ್ಧಕ್ಕೋ ಕಾಲಿಗೋ ಇಳಿಸಿಕೊಳ್ಳಿ. ಆದರೂ ನಾಲ್ಕು ಎಕರೆ ಹೊಲವಿದ್ದವನು ತನ್ನ ಕಾಲಡಿಗೆ ಎಷ್ಟು ಎಕರೆ ಇದೆ ಎಂದು ಲೆಕ್ಕ ಹಾಕಲು ಕೂತರೆ ಪಹಣಿಯ ಕಾಗದ ಸಾಲದು. ನಾನು ಒಮ್ಮೆ ಈ ಗುಣಾಕಾರಕ್ಕೆ ಕೂತು, ಸೊನ್ನೆಗಳು ಹೆಚ್ಚಾದ ಮೇಲೆ ಅದು ಬೆರಗೂ ಅಲ್ಲದೆ ಬರಿಯ ಅಂಕಿಯಾಗಿಬಿಡುತ್ತದೆಂದು ಕೈಬಿಟ್ಟೆ. ಚಮಚದ ಲೆಕ್ಕವೇ ಚೆಂದ.

ಇಷ್ಟು ಮೈಯನ್ನು ಭೂಮಿ ಸುಮ್ಮನೆ ಬಿಟ್ಟೀತೇ ಎಂದು ಯೋಚಿಸಿದವರಲ್ಲಿ ಜೆ. ಡಿ. ಬರ್ನಾಲ್ ಒಬ್ಬ. ಹರಳುಗಳ ಒಳರಚನೆ ಓದುವುದರಲ್ಲಿ ದೊಡ್ಡ ಹೆಸರು. 1951ರಲ್ಲಿ ಪುಸ್ತಕವಾಗಿ ಬಂದ ತನ್ನ ಉಪನ್ಯಾಸದಲ್ಲಿ ಆತ ಒಂದು ಊಹೆ ಇಟ್ಟ: ಆದಿಯ ಸಾಗರದಲ್ಲಿ ಜೀವಕ್ಕೆ ಬೇಕಾದ ಅಣುಗಳು ಇದ್ದರೂ ಬಹಳ ತೆಳುವಾಗಿ ಹರಡಿಕೊಂಡಿರಬೇಕು, ಅವು ಒಂದಕ್ಕೊಂದು ಸಿಗುವುದೇ ಅಪರೂಪ, ಜೇಡಿಯ ಮೈ ಅವನ್ನು ಹಿಡಿದು ಒತ್ತೊತ್ತಾಗಿ ಕೂರಿಸಿದ್ದರೆ ಉದ್ದ ಸರಪಳಿಗಳು ಅಲ್ಲಿ ಬೆಳೆದಿರಬಹುದು. ಊಹೆ ಬಹುಕಾಲ ಊಹೆಯಾಗಿಯೇ ಇತ್ತು. ಅಮೆರಿಕದ ಜೇಮ್ಸ್ ಫೆರಿಸ್ ದಶಕಗಳ ಕಾಲ ಅದನ್ನು ಪ್ರಯೋಗಕ್ಕಿಳಿಸಿದ. 1996ರಲ್ಲಿ ಆತ, ಲೆಸ್ಲಿ ಆರ್ಗೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಫಲ ಇದು: ಮಾಂಟ್‌ಮೊರಿಲೊನೈಟಿನ ಮೇಲೆ ಆರ್‌ಎನ್‌ಎಯ ಬಿಡಿ ಘಟಕಗಳನ್ನು ದಿನದಿನವೂ ಉಣಿಸುತ್ತ ಹೋದರೆ ಸರಪಳಿ ಒಂದೊಂದೇ ಘಟಕ ಕೂಡಿಸಿಕೊಂಡು ಐವತ್ತರ ಆಸುಪಾಸಿನ ಉದ್ದಕ್ಕೆ ಬೆಳೆಯುತ್ತದೆ. ಜೇಡಿಯಿಲ್ಲದ ನೀರಿನಲ್ಲಿ ತೀರ ಗಿಡ್ಡ ತುಣುಕುಗಳಷ್ಟೇ.

ಇದು ಅಕ್ಷರಶಃ ನಾರಿಶ್‌ನ ಸಂಕಲನ ಕ್ರಿಯೆಯಲ್ಲ. ಇಲ್ಲಿ ಪ್ರತಿ ಸೇರ್ಪಡೆಗೂ ಒಂದು ತುಂಡು ಹೊರಬೀಳುತ್ತದೆ. ಅಪ್ಪಟ ಸಂಕಲನವನ್ನೇ ಜೇಡಿಯಿಂದ ಮಾಡಿಸಿದವನು ಬೆಲ್ಜಿಯಂನಲ್ಲಿದ್ದ ಪಿಯರ್ ಲಾಸ್ಲೊ. 1980ರ ದಶಕದಲ್ಲಿ ಆತ ಆಮ್ಲದಲ್ಲಿ ತೊಳೆದ ಮಾಂಟ್‌ಮೊರಿಲೊನೈಟಿಗೆ ಕಬ್ಬಿಣದ ಅಯಾನುಗಳನ್ನು ಕೂರಿಸಿ, ಎರಡು ಅಣುಗಳು ಸೇರಿ ಉಂಗುರವಾಗುವ ಡೀಲ್ಸ್ ಆಲ್ಡರ್ ಕ್ರಿಯೆಯನ್ನು ಬಹಳ ಚುರುಕುಗೊಳಿಸಿದ. ದುಬಾರಿ ರಾಸಾಯನಿಕಗಳ ಕಡೆ ನೋಡುತ್ತಿದ್ದವರ ಕಣ್ಣು ಆಗ ಮಣ್ಣಿನ ಕಡೆ ತಿರುಗಿತು. ಫೆರಿಸ್‌ನ ಪ್ರಯೋಗಕ್ಕೆ ಆಕ್ಷೇಪಗಳೂ ಇವೆ: ಆತ ಉಣಿಸಿದ ಘಟಕಗಳು ಮೊದಲೇ ಹುರಿಗೊಳಿಸಿ ಸಿದ್ಧಪಡಿಸಿದವು, ಆದಿ ಭೂಮಿಯಲ್ಲಿ ಅವನ್ನು ಯಾರು ಸಿದ್ಧಪಡಿಸಿದರು? ಒಳ್ಳೆಯ ಪ್ರಶ್ನೆ. ಜೀವ ಯಲಬುರ್ಗಾದ ಯರಿ ಹೊಲದಲ್ಲಿ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಯಾರಾದರೂ ಬ್ಯಾನರ್ ಕಟ್ಟಿಬಿಟ್ಟಾರು. ಬೆರಗಿಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ.

ಯರಿ ಹೊಲದಲ್ಲಿ ನೇಗಿಲಿಗೆ ತಗಲುವ ಬಿಳಿ ಸುಣ್ಣದ ಹರಳುಗಳನ್ನೇ ನೋಡಿ. ಮಣ್ಣಿನ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ನೀರು ಆರಿದಂತೆ, ಅನಿಲ ಹೊರಟಂತೆ, ಯಾವುದೋ ಮರಳಿನ ಕಣವನ್ನೋ ಬೇರಿನ ಸುತ್ತನ್ನೋ ಆಸರೆ ಮಾಡಿಕೊಂಡು ಕ್ಯಾಲ್ಸೈಟಾಗಿ ಗಟ್ಟಿಯಾದದ್ದು ಅದು. ಹಿಂದೆ ಇದನ್ನೇ ಆರಿಸಿ ತಂದು ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು. ಆ ಕ್ಯಾಲ್ಸೈಟಿನ ದೊಡ್ಡ ಹರಳಿಗೆ ಒಂದಕ್ಕೊಂದು ಕನ್ನಡಿಬಿಂಬವಾದ ಮುಖಗಳಿರುತ್ತವೆ. 2001ರಲ್ಲಿ ರಾಬರ್ಟ್ ಹೇಜನ್ ಮತ್ತು ಸಂಗಡಿಗರು ಅಂಥ ಹರಳನ್ನು ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೊ ಆಮ್ಲದ ದ್ರಾವಣದಲ್ಲಿ ಅದ್ದಿದರು. ಈ ಆಮ್ಲಕ್ಕೂ ಕನ್ನಡಿಬಿಂಬದ ಎರಡು ರೂಪ. ದ್ರಾವಣದಲ್ಲಿ ಎರಡೂ ಸಮಸಮ ಇದ್ದವು. ಹರಳಿನ ಒಂದು ಮುಖ ಒಂದು ರೂಪವನ್ನು ತುಸು ಹೆಚ್ಚು ಹಿಡಿಯಿತು, ಎದುರಿನ ಮುಖ ಇನ್ನೊಂದನ್ನು. ನಮ್ಮ ದೇಹದ ಪ್ರೋಟೀನುಗಳು ಒಂದೇ ರೂಪದ ಅಮೈನೊ ಆಮ್ಲಗಳಿಂದ ಕಟ್ಟಿದವು, ಯಾಕೆ ಹಾಗೆ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಕಲ್ಲಿನ ಮೈ ಬರಿದೆ ಹಿಡಿಯುವುದಷ್ಟೇ ಅಲ್ಲ, ಆರಿಸಿ ಹಿಡಿಯುತ್ತದೆ ಎಂಬಷ್ಟನ್ನು ಹೇಜನ್ ತೋರಿಸಿದ.

ಆರಿಸಿ ಹಿಡಿಯುವುದರ ಬಿಸಿ ಇಂದಿಗೂ ತಟ್ಟುತ್ತಿರುವುದು ಗಂಗಾವತಿ ಕಡೆಯವರಿಗೆ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆ ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಗಂಗಾವತಿ ಭತ್ತದ ಕಣಜ ಎನಿಸಿಕೊಂಡಿತು. ನೀರು ಹೆಚ್ಚಾದಲ್ಲಿ ಅಂತರ್ಜಲ ಮೇಲೆದ್ದಿತು, ಅದರ ಜೊತೆ ಆಳದಲ್ಲಿ ಮಲಗಿದ್ದ ಲವಣಗಳೂ ಎದ್ದವು. ಬಿಸಿಲಿಗೆ ನೀರು ಆರಿ ಹೆಂಟೆಯ ನೆತ್ತಿಯ ಮೇಲೆ ಉಪ್ಪಿನ ಹರಳು ಬಿಳಿಯ ಪೊರೆಯಾಗಿ ಕಟ್ಟಿತು. ಸವಳು ಎದ್ದೈತಿ ಎನ್ನುತ್ತಾರೆ ರೈತರು, ಯಾರೋ ಮಲಗಿದ್ದವರು ಎದ್ದ ಹಾಗೆ. ಇಂಥ ಮಣ್ಣನ್ನು ನೀರಿನಲ್ಲಿ ಬಸಿದು, ಬಿಸಿಲಿಗಿಟ್ಟು ಉಪ್ಪು ತೆಗೆಯುವುದು ಒಂದು ಕಾಲದಲ್ಲಿ ಉಪ್ಪಾರರ ಕುಲಕಸುಬಾಗಿತ್ತು. ಆಗ ಸವಳು ಒಂದು ಆಸ್ತಿ.

ಮೇಲೆ ಕಾಣುವ ಬಿಳಿ ಉಪ್ಪನ್ನು ನೀರು ಕಟ್ಟಿ ತೊಳೆದು ಬಸಿದುಬಿಡಬಹುದು. ಕಾಣದ್ದು ಹೆಚ್ಚು ಕಾಡುತ್ತದೆ. ಜೇಡಿಯ ಹಾಳೆಗಳ ಮೈಗೆ ಋಣ ವಿದ್ಯುತ್ತಿದೆ, ಅದನ್ನು ಸರಿದೂಗಿಸಲು ಧನ ಅಯಾನುಗಳು ಅಂಟಿ ಕೂತಿರಬೇಕು. ಕ್ಯಾಲ್ಸಿಯಂ ಕೂತಿದ್ದರೆ ಅದರ ಎರಡು ಪಟ್ಟು ವಿದ್ಯುತ್ತು ಅಕ್ಕಪಕ್ಕದ ಹಾಳೆಗಳನ್ನು ಬಿಗಿದು ಹಿಡಿಯುತ್ತದೆ. ಮಣ್ಣು ಹರಳುಹರಳಾಗಿ ನಿಂತು ನೀರಿಗೂ ಗಾಳಿಗೂ ದಾರಿ ಬಿಡುತ್ತದೆ. ಸವಳಿನಲ್ಲಿ ಸೋಡಿಯಂ ಬಂದು ಆ ಜಾಗ ಹಿಡಿಯುತ್ತದೆ. ಅದರ ಹಿಡಿತ ಸಡಿಲ. ಹಾಳೆಗಳು ಬಿಟ್ಟುಕೊಂಡು ನೀರಿನಲ್ಲಿ ತೇಲುತ್ತವೆ, ರಂಧ್ರಗಳಿಗೆ ಹೊಕ್ಕು ಮುಚ್ಚುತ್ತವೆ. ಒದ್ದೆಯಿದ್ದಾಗ ರಾಡಿ, ಒಣಗಿದಾಗ ಗಚ್ಚು. ಬೇರಿಗೆ ಉಸಿರಿಲ್ಲ, ಮೇಲೆ ನಿಂತ ನೀರು ಒಳಗಿಳಿಯುವುದಿಲ್ಲ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದು. ಫೆರಿಸ್‌ನ ತಂಡ ಜೇಡಿಯನ್ನು ಹಾಗೇ ಬಳಸಲಿಲ್ಲ. ಮೊದಲು ಅದರ ಮೈಮೇಲೆ ಕೂತಿದ್ದ ನಾನಾ ಅಯಾನುಗಳನ್ನು ಆಮ್ಲದಿಂದ ತೊಳೆದು ತೆಗೆದು, ಆ ಜಾಗಗಳಲ್ಲೆಲ್ಲ ಸೋಡಿಯಂ ಕೂರಿಸಿಕೊಂಡರು. ಆಮೇಲೆ ಸರಪಳಿ ಬೆಳೆಸಿದರು. ಗಂಗಾವತಿಯ ಗದ್ದೆಯಲ್ಲಿ ಬೇರಿನ ಉಸಿರು ಕಟ್ಟಿಸುವ ಅದೇ ಸೋಡಿಯಂ, ಅದೇ ಬಳಗದ ಜೇಡಿಯ ಹಾಳೆಗಳ ಮೇಲೆ ಕೂತು, ಅಲ್ಲಿ ಜೀವದ ಸರಪಳಿಗೆ ಘಟಕ ಕೂಡಿಸಿಕೊಡುವ ಕೆಲಸಕ್ಕೆ ಒದಗಿತು. ಒಳ್ಳೆಯದು ಕೆಟ್ಟದ್ದು ಎಂಬ ನಮ್ಮ ವಿಂಗಡಣೆ ಗದ್ದೆಯ ಬದುವಿನ ಅಳತೆಯದು. ಅಣುವಿನ ಅಳತೆಯಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದಷ್ಟೇ ಇದೆ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಜವಳು ಭೂಮಿಯ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ. ಕೇಂದ್ರ ಈಗ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನೆಲದೊಳಗೆ ತೂತಿನ ಕೊಳವೆ ಹೂತು ಬಸಿಯುವುದು, ಸವಳು ತಡೆಯುವ ಭತ್ತದ ತಳಿ, ಹಸಿರೆಲೆ ಗೊಬ್ಬರ, ಮತ್ತು ಸೋಡಿಯಂ ಹೆಚ್ಚಿರುವ ನೆಲಕ್ಕೆ ಜಿಪ್ಸಂ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟಿನ ಹರಳು. ಮಣ್ಣಿಗೆ ಬಿದ್ದ ಹರಳು ನಿಧಾನ ಕರಗಿ ಕ್ಯಾಲ್ಸಿಯಂ ಬಿಡುತ್ತದೆ, ಕ್ಯಾಲ್ಸಿಯಂ ಹಾಳೆಯ ಮೈಮೇಲೆ ಹೋಗಿ ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ, ಎದ್ದ ಸೋಡಿಯಂ ಸಲ್ಫೇಟಿನ ಜೊತೆ ನೀರಿನಲ್ಲಿ ಬಸಿದು ಹೋಗುತ್ತದೆ. ಬಸಿಯಲು ದಾರಿಯಿಲ್ಲದಿದ್ದರೆ ಎಷ್ಟು ಸುರಿದರೂ ವ್ಯರ್ಥ. ಜಿಪ್ಸಂ ಮೂಟೆ ತಂದಿಳಿಸಿ ಬಸಿಗಾಲುವೆ ತೋಡದವರ ಗದ್ದೆಗಳನ್ನು ನೋಡಿದರೆ ಇದು ತಿಳಿಯುತ್ತದೆ.

ಎಕರೆಗೆ ಎಷ್ಟು ಹಾಕಬೇಕ್ರಿ ಸರ್ ಎಂದು ರೈತ ಕೇಳಿದರೆ ಮಣ್ಣು ಪರೀಕ್ಷೆ ಮಾಡಿಸಪ್ಪ ಎನ್ನುತ್ತಾರೆ. ಪರೀಕ್ಷೆಯಲ್ಲಿ ತೂಗುವುದು ಕೆಲವೇ ಗ್ರಾಂ ಮಣ್ಣನ್ನು. ಆ ಮಣ್ಣಿನ ಮೈಮೇಲೆ ಕೂತ ಅಯಾನುಗಳನ್ನೆಲ್ಲ ಒಂದು ದ್ರಾವಣದಿಂದ ಎಬ್ಬಿಸಿ, ಅದರಲ್ಲಿ ಸೋಡಿಯಂ ಎಷ್ಟು, ಒಟ್ಟು ಜಾಗ ಎಷ್ಟು ಎಂದು ಎಣಿಸುತ್ತಾರೆ. ಜಿಪ್ಸಮ್ಮಿನ ಲೆಕ್ಕ ಹುಟ್ಟುವುದು ಅಲ್ಲಿಂದ. ಮಣ್ಣು ಆರೋಗ್ಯದ ಚೀಟಿಯಲ್ಲಿ ರೈತನ ಕೈಗೆ ಬರುವುದು ಎಕರೆಗೆ ಇಷ್ಟು ಕ್ವಿಂಟಲ್ ಎಂಬ ಒಂದು ಸಾಲು ಮಾತ್ರ, ಮತ್ತು ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಜಿಪ್ಸಂ ಈ ಸಲವಾದರೂ ಸಬ್ಸಿಡಿಯಲ್ಲಿ ಬಂದಿದೆಯೋ ಇಲ್ಲವೋ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಕೇಳಲು ಹೋಗುತ್ತಾನೆ.